ಒಂಬತ್ತು ವರ್ಷ ಐದು ತಿಂಗಳು

ತಣ್ಣೀರುಹಳ್ಳದ ತಿರುವಿನಲ್ಲಿ, ಪಂಕ್ಚರ್ ಅಂಗಡಿಯ ಪಕ್ಕ
ಒಂದು ಜೆರಾಕ್ಸ್ ಯಂತ್ರ, ಎರಡು ಸ್ಟೂಲು, ನಾನು.
ಒಂದು ಕಾಲಕ್ಕೆ ಟೈಪಿಂಗ್ ಕಲಿಸುತ್ತಿದ್ದೆ,
ಅದಕ್ಕೇ ಈಗಲೂ ಮೇಷ್ಟ್ರು.
ಫಾರಂ ತುಂಬಿದರೆ ಮೂವತ್ತು ರೂಪಾಯಿ.

ಶಿಫ್ಟು ಬಿಟ್ಟಾಗ ಗಾರ್ಮೆಂಟ್ಸಿನ ಬಸ್ಸಿನಿಂದ
ಅರ್ಧ ದುದ್ದ, ಅರ್ಧ ಶಾಂತಿಗ್ರಾಮ ಇಳಿಯುತ್ತದೆ,
ತುರುಬಿನಲ್ಲಿ ನೂಲಿನ ಚೂರು.
ವಯಸ್ಸು ಯಾರೂ ಹೇಳುವುದಿಲ್ಲ ಇಲ್ಲಿ.
ಸರ್ವಿಸ್ ಹೇಳುತ್ತಾರೆ.

‘ನಂದು ಒಂಬತ್ತು ವರ್ಷ ಐದು ತಿಂಗಳು’
ಅಂದಳು ಇಂದ್ರಾಣಿ,
ಬಸುರಿ ತನ್ನ ತಿಂಗಳು ಹೇಳುವ ಹಾಗೆ, ಮೆಲ್ಲಗೆ.

ಕ್ಯಾಲ್ಕುಲೇಟರ್ ಒರೆಸಿಕೊಂಡೆ.
ಇನ್ನೊಂದು ತಿಂಗಳು ಹೊಲಿದೆಯೋ,
ಆರು ತಿಂಗಳನ್ನು ಅವರು ವರ್ಷವೆಂದೇ ಓದುತ್ತಾರೆ.
ಹತ್ತು ತುಂಬಿತು. ತುಂಬಿದರೆ ಬಾಗಿಲು ಹಾಕಿತು:
ಪಿಂಚಣಿ ಪಾಲಿನ ಗಂಟು ಬಿಚ್ಚುವ ಹಾಗಿಲ್ಲ,
ಐವತ್ತೆಂಟು ಆದಮೇಲೆ
ತಿಂಗಳಿಗೆ ಸಾವಿರದ ನಾನೂರು ಚಿಲ್ಲರೆ,
ಉಸಿರಿರುವ ತನಕ.
ಈಗಲೇ ಬಿಟ್ಟರೆ ಆ ಪಾಲೊಂದೇ
ಲಕ್ಷಕ್ಕೆ ಎರಡೇ ಸಾವಿರ ಕಮ್ಮಿ. ಒಂದೇ ಸಲ. ಕೈಗೆ.

‘ನಮ್ಮ ಲೈನಲ್ಲಿ ಐವತ್ತೆಂಟು ಕಂಡೋರು ಯಾರಿದಾರೆ ಮೇಷ್ಟ್ರೇ?’
ಜಗಳಕ್ಕೆ ಕೇಳಿದ್ದಲ್ಲ. ಬೆರಳು ಮಡಚಿದಳು:
ಅವ್ವ ಐವತ್ಮೂರಕ್ಕೆ. ದೊಡ್ಡವ್ವ ಅದಕ್ಕೂ ಮೊದಲು.
ಕಾಲರ್ ಸೆಕ್ಷನ್ನಿನ ಸಾವಂತ್ರಮ್ಮ ಬದುಕಿದ್ದಾಳೆ,
ಆದರೆ ನಲವತ್ತೇಳಕ್ಕೇ ಸೂಜಿಯ ಕಣ್ಣು ಕಾಣದೆ
‘ಸ್ವಇಚ್ಛೆಯಿಂದ’ ಮನೆಗೆ ಹೋದಳು.
ಆ ಪದ ಬರೆದವನು ನಾನೇ.

ದುಡ್ಡು ಯಾಕೆ ಅಂದರೆ, ಗೋಡೆಗೆ.
ಪಾಲಾದಾಗ ಅಡುಗೆಮನೆಯ ನಟ್ಟನಡುವೆ ಎದ್ದಿತ್ತಂತೆ.
ಒಲೆ ಇವಳ ಕಡೆ, ಕಿಟಕಿ ಮೈದುನನ ಕಡೆ.
ಅವನು ಅವನ ಅರ್ಧವನ್ನು ತೊಂಬತ್ತಕ್ಕೆ ಬಿಡುತ್ತಾನೆ,
ಉಗಾದಿಯ ಒಳಗಾದರೆ.

ಪೆನ್ನು ಹಿಡಿದು ಸುಮ್ಮನಿದ್ದೆ.
ಹೋದ ವಾರ ಕಟಿಂಗಿನ ಜವರೇಶ ಕೂತಿದ್ದ ಇದೇ ಸ್ಟೂಲಿನ ಮೇಲೆ.
‘ಬರೀರಿ, ನನ್ನ ಸಂಬಳ ಹೆಚ್ಚಿಸಬೇಡಿ ಅಂತ.’
ಇಪ್ಪತ್ತೊಂದು ಸಾವಿರ ದಾಟಿದರೆ ಇಎಸ್‌ಐ ಕಾರ್ಡು ಸತ್ತಂತೆ,
ಹೆಂಡತಿಗೆ ವಾರಕ್ಕೆರಡು ಡಯಾಲಿಸಿಸ್.
ನಾನೂರು ರೂಪಾಯಿಯ ಏರಿಕೆಯೊಂದು
ಅವಳ ರಕ್ತದ ದಾರಿಗೆ ಅಡ್ಡ ನಿಂತಿತ್ತು.
‘ಸವಿನಯ ಪ್ರಾರ್ಥನೆ’ ಎಂದು ಶುರುಮಾಡಿದೆ.
ಇಪ್ಪತ್ತು ವರ್ಷದಲ್ಲಿ ಎಷ್ಟು ಅರ್ಜಿ ಬರೆದಿಲ್ಲ,
ಕಮ್ಮಿ ಕೊಡಿ ಎಂದು ಬೇಡಿದ್ದು ಅದೊಂದೇ.

ನನಗೇನೂ ಇಲ್ಲ, ಬಿಡಿ. ಪಿಎಫ್ ಇಲ್ಲ, ಸರ್ವಿಸ್ ಇಲ್ಲ.
ಯಂತ್ರದ ಡ್ರಮ್ಮು ಸವೆದ ದಿನ ನಾನು ನಿವೃತ್ತ.

ಇಂದ್ರಾಣಿ ಸಹಿ ಹಾಕಿದಳು,
‘ಣಿ’ಯ ಬಾಲ ಗೆರೆ ದಾಟಿತು.

ದುಡ್ಡು ಬರಲು ಎರಡು ತಿಂಗಳು ಕೆಲಸವಿಲ್ಲದೆ ಇರಬೇಕು.
ಇದ್ದಳು. ಸರ್ಕಾರದ ಪರದೆಯ ಮೇಲೆ
ಕೈಕಟ್ಟಿ ಕೂತೇ ಇದ್ದಳು ಅರವತ್ತು ದಿನ;
ಮೊಸಳೆಹೊಸಳ್ಳಿ ಕಡೆ ಶುಂಠಿ ಕೀಳುತ್ತಿದ್ದವಳ
ಉಗುರಿನ ಮಣ್ಣಿಗೆ ಯಾವ ಕಾಲಮ್ಮೂ ಇರಲಿಲ್ಲ.

ಜೂನಿನಲ್ಲಿ ಬಂದಳು, ಹೊಸ ಕಾರ್ಡು ಜೆರಾಕ್ಸ್ ಮಾಡಿಸಲು.
ಅದೇ ಗೇಟು, ಅದೇ ಲೈನು, ಅದೇ ಯಂತ್ರ.
ಸೇರಿದ ದಿನಾಂಕ: ನಿನ್ನೆ.
ಹೊಸಬರಿಗೆ ಮೂರು ದಿನ ತರಬೇತಿಯಂತೆ.
ಇವಳಿಗೆ ಕಲಿಸಿಕೊಟ್ಟ ಹುಡುಗಿ
ಇವಳಿಂದಲೇ ಕಲಿತವಳು;
ಇಬ್ಬರೂ ತಲೆ ತಗ್ಗಿಸಿ ನಕ್ಕರಂತೆ.

‘ಗೋಡೆ?’ ಅಂದೆ.
‘ಒಡದ್ವಿ. ಬೆಳಕು ಜಾಸ್ತಿ ಆಗೋಯ್ತು,
ಮಸಿ ಎಲ್ಲಾ ಕಾಣ್ತದೆ.’

ಆಮೇಲೆ ಕೇಳಿದಳು,
ಈ ಸಲ ಒಂಬತ್ತು ವರ್ಷ ಐದು ತಿಂಗಳು
ಯಾವತ್ತಿಗೆ ಬರುತ್ತದೆ ಎಂದು.
ನವೆಂಬರ್, ಅಂದೆ. ವರ್ಷ ಬರೆದುಕೊಟ್ಟೆ.
ಆಗ ನಿನಗೆ ಐವತ್ತೊಂದು ಎಂದು ಹೇಳಲಿಲ್ಲ,
ಅವಳ ಬೆರಳುಗಳು ಆಗಲೇ ಮಡಚಿದ್ದವು.

ಜೆರಾಕ್ಸಿಗೆ ಎರಡು ರೂಪಾಯಿ.
ಚಿಲ್ಲರೆ ಇರಲಿಲ್ಲ.
ನಾಳೆ ಕೊಡ್ತೀನಿ ಅಂದಳು.